ಎಬ್ಬಿಸುವ ಹಾರ್ಮೋನೇ ಮಲಗಿಸುವುದು ಹೇಗೆ? – ಸಂಪಾದಕರ ಉತ್ತರ

ಮಾನ್ಯ ಓದುಗರೇ,

ಹಿಂದಿನ ಸಂಚಿಕೆಯ ಲೇಖನವೊಂದರಲ್ಲಿ ನಾವು ಪೆಪ್ಟೈಡನ್ನು, ಅಂದರೆ ಅಮೈನೋ ಆಮ್ಲಗಳ ಕಿರು ಸರಪಳಿಯನ್ನು, ಬೀಗದ ಕೈಗೂ, ಜೀವಕೋಶದ ಮೇಲಿರುವ ಗ್ರಾಹಿಯನ್ನು, ಅಂದರೆ ರಿಸೆಪ್ಟರನ್ನು, ಬೀಗಕ್ಕೂ ಹೋಲಿಸಿದ್ದೆವು. ಅದನ್ನು ಓದಿ ನೀವು ಬರೆದ ಪತ್ರದ ಸಾರ ಇಷ್ಟು: ಪ್ರಾಸ್ಟೇಟ್ ಕ್ಯಾನ್ಸರ್ ಇರುವ ನಿಮ್ಮ ತಂದೆಯವರಿಗೆ, ಟೆಸ್ಟೋಸ್ಟಿರೋನ್ ತಗ್ಗಿಸಲೆಂದು, ಮೂರು ತಿಂಗಳಿಗೊಮ್ಮೆ ಲ್ಯೂಪ್ರೊಲೈಡ್ ಚುಚ್ಚುಮದ್ದು ಕೊಡುತ್ತಿದ್ದಾರೆ, ಆದರೆ ಅದು ಟೆಸ್ಟೋಸ್ಟಿರೋನನ್ನು ಹೆಚ್ಚಿಸುವ ಹಾರ್ಮೋನಿನದೇ ರೂಪಾಂತರವೆಂದು ತಿಳಿದು ನಿಮಗೆ ಗಾಬರಿಯಾಗಿದೆ. ತೆರೆಯುವ ಕೈಯೇ ಮುಚ್ಚುವುದು ಹೇಗೆಂದು ಕೇಳಿದ್ದೀರಿ. ಇಂಥ ಔಷಧಗಳು ಮಾತ್ರೆಯಾಗಿ ಏಕೆ ಬರುವುದಿಲ್ಲ, ಮೈಕಟ್ಟು ಬೆಳೆಸುವುದಾಗಿ ಹೇಳಿ ಮಾರುವ ಪೆಪ್ಟೈಡ್ ಸೀಸೆಗಳನ್ನು ನಂಬಬಹುದೇ ಎಂಬ ಪ್ರಶ್ನೆಗಳನ್ನೂ ಜೊತೆಗೆ ಸೇರಿಸಿದ್ದೀರಿ.

ನಮ್ಮ ಹೋಲಿಕೆ ಅಪೂರ್ಣವಾಗಿತ್ತೆಂದು ಒಪ್ಪಿಕೊಳ್ಳುತ್ತೇನೆ. ಬೀಗ ಮತ್ತು ಕೈಯ ಮಾತನ್ನು ರಸಾಯನವಿಜ್ಞಾನಿ ಎಮಿಲ್ ಫಿಶರ್ 1894ರಲ್ಲಿ ಆಡಿದ್ದು ಕಿಣ್ವಗಳ ವಿಚಾರವಾಗಿ. ಗ್ರಾಹಿಗೆ ಅದು ಅರ್ಧದಷ್ಟೇ ಹೊಂದುತ್ತದೆ. ಯಾವ ಪೆಪ್ಟೈಡ್ ಎಲ್ಲಿ ಕೂರಬಲ್ಲದು ಎಂಬುದನ್ನು ತಿಳಿಸುತ್ತದೆಯೇ ಹೊರತು ಕೂತ ಮೇಲೆ ಏನಾಗುತ್ತದೆ ಎಂಬುದನ್ನಲ್ಲ. ಬೀಗವನ್ನು ನೂರು ಸಲ ತಿರುಗಿಸಿದರೂ ಅದು ಮೊದಲಿನಂತೆಯೇ ಇರುತ್ತದೆ. ಜೀವಕೋಶವಾದರೋ ತನಗೆ ಬಂದ ಸಂದೇಶ ಎಷ್ಟು ಬಲವಾಗಿತ್ತು, ಎಷ್ಟು ಹೊತ್ತು ನಿಂತಿತು, ನಡುವೆ ಬಿಡುವಿತ್ತೇ ಎಂಬುದಕ್ಕೆ ತಕ್ಕಂತೆ ತನ್ನ ಗ್ರಾಹಿಗಳನ್ನು ಹೆಚ್ಚಿಸುತ್ತದೆ, ಕಡಿಮೆ ಮಾಡುತ್ತದೆ, ಕೆಲವೊಮ್ಮೆ ಅವುಗಳನ್ನು ತನ್ನೊಳಕ್ಕೇ ಎಳೆದುಕೊಂಡುಬಿಡುತ್ತದೆ.

ನಿಮ್ಮ ತಂದೆಯವರ ಔಷಧದ ಮೂಲರೂಪ ಜಿಎನ್‌ಆರ್‌ಎಚ್ ಎಂಬ, ಕೇವಲ 10 ಅಮೈನೋ ಆಮ್ಲಗಳ ಸರಪಳಿ. ಆಂಡ್ರ್ಯೂ ಶಾಲಿಯವರ ತಂಡ 1971ರಲ್ಲಿ ಇದರ ರಚನೆಯನ್ನು ಪ್ರಕಟಿಸಿತು. ಮಿದುಳಿನ ಪೆಪ್ಟೈಡ್ ಹಾರ್ಮೋನುಗಳ ಕುರಿತ ಕೆಲಸಕ್ಕಾಗಿ ಶಾಲಿ ಮತ್ತು ರೋಜರ್ ಗಿಯೆಮಾ 1977ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು. ಮಿದುಳಿನ ಭಾಗವಾದ ಹೈಪೋಥಲಾಮಸ್ ಈ ಹಾರ್ಮೋನನ್ನು ಧಾರೆಯಾಗಿ ಸುರಿಸುವುದಿಲ್ಲ, ಬಿಟ್ಟು ಬಿಟ್ಟು ಮಿಡಿತಗಳಾಗಿ ಹೊರಡಿಸುತ್ತದೆ. ಪ್ರತಿ ಮಿಡಿತಕ್ಕೂ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಓಗೊಟ್ಟು, ವೃಷಣಗಳನ್ನು ಪ್ರಚೋದಿಸುವ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಈ ಬಿಡುವಿನ ಮಹತ್ವವನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದ್ದು ಅರ್ನ್ಸ್ಟ್ ನೋಬಿಲ್ ಮತ್ತು ಸಂಗಡಿಗರು 1978ರಲ್ಲಿ ಪ್ರಕಟಿಸಿದ ಪ್ರಯೋಗ. ಸ್ವಂತ ಜಿಎನ್‌ಆರ್‌ಎಚ್ ಇಲ್ಲದಂತೆ ಮಾಡಿದ್ದ ರೀಸಸ್ ಕೋತಿಗಳಿಗೆ ಗಂಟೆಗೊಮ್ಮೆ ಹಾರ್ಮೋನು ಕೊಟ್ಟಾಗ ಪಿಟ್ಯುಟರಿ ಕೆಲಸ ಮಾಡಿತು. ಅದೇ ಹಾರ್ಮೋನನ್ನು ಎಡೆಬಿಡದೆ ಹರಿಸಿದಾಗ ಅದು ಸುಮ್ಮನಾಯಿತು. ವೈದ್ಯಶಾಸ್ತ್ರದಲ್ಲಿ ಇಷ್ಟು ಸರಳವಾಗಿದ್ದೂ ಇಷ್ಟು ಫಲ ಕೊಟ್ಟ ಪ್ರಯೋಗಗಳು ವಿರಳವೆಂದೇ ನನ್ನ ಭಾವನೆ.

ಲ್ಯೂಪ್ರೊಲೈಡ್ ಈ ತಿಳಿವಳಿಕೆಯನ್ನೇ ಬಳಸಿಕೊಳ್ಳುತ್ತದೆ. ಸರಪಳಿಯ ಆರನೆಯ ಸ್ಥಾನದಲ್ಲಿದ್ದ ಗ್ಲೈಸಿನ್ ಬದಲು ಲ್ಯೂಸಿನ್‌ನ ಕನ್ನಡಿಬಿಂಬ ರೂಪವನ್ನು ಕೂರಿಸಿ, ತುದಿಯನ್ನೂ ತುಸು ಬದಲಿಸಿದ್ದರಿಂದ, ಕೆಲವೇ ನಿಮಿಷಗಳಲ್ಲಿ ಹಾರ್ಮೋನನ್ನು ತುಂಡರಿಸುವ ಕಿಣ್ವಗಳಿಗೆ ಇದು ಸುಲಭವಾಗಿ ಸಿಗುವುದಿಲ್ಲ. ಮೊದಲ ಒಂದೆರಡು ವಾರ ಟೆಸ್ಟೋಸ್ಟಿರೋನ್ ನಿಜಕ್ಕೂ ಏರುತ್ತದೆ. ನಿಮ್ಮ ಗಾಬರಿಗೆ ಆಧಾರವಿಲ್ಲದಿಲ್ಲ, ಮತ್ತು ಆ ಏರಿಕೆಯ ಪರಿಣಾಮವನ್ನು ತಡೆಯಲೆಂದೇ ವೈದ್ಯರು ಆರಂಭದಲ್ಲಿ ಬೇರೊಂದು ಮಾತ್ರೆಯನ್ನು ಜೊತೆಗೆ ಕೊಡುವುದುಂಟು. ಆಮೇಲೆ, ಮೈಯೊಳಗೆ ನಿಧಾನವಾಗಿ ಕರಗುತ್ತಲೇ ಇರುವ ಮದ್ದಿನ ಬಿಡುವೇ ಇಲ್ಲದ ಸಂದೇಶಕ್ಕೆ ಪಿಟ್ಯುಟರಿಯ ಗ್ರಾಹಿಗಳು ಕಡಿಮೆಯಾಗಿ, ಅವುಗಳ ಹಿಂದಿನ ಸಂಕೇತ ವ್ಯವಸ್ಥೆಯೂ ಮಂದವಾಗಿ, ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳಲ್ಲಿ ಟೆಸ್ಟೋಸ್ಟಿರೋನ್ ತಳ ಸೇರುತ್ತದೆ. ಅದೇ ಜಿಎನ್‌ಆರ್‌ಎಚ್ ಅನ್ನು ಪುಟ್ಟ ಪಂಪಿನ ಮೂಲಕ ಸುಮಾರು 90 ನಿಮಿಷಕ್ಕೊಮ್ಮೆ ಮಿಡಿತವಾಗಿ ಕೊಟ್ಟು, ಹೈಪೋಥಲಾಮಸ್‌ನ ದೋಷದಿಂದ ಮುಟ್ಟು ನಿಂತಿರುವ ಮಹಿಳೆಯರಲ್ಲಿ ಅಂಡೋತ್ಪತ್ತಿಯನ್ನು ಮರಳಿಸುವ ಚಿಕಿತ್ಸೆಯೂ ಇದೆ. ಗ್ರಾಹಿಯೂ ಒಂದೇ, ಸಂದೇಶವೂ ಒಂದೇ. ಬೇರೆಯಾದದ್ದು ಲಯ ಮಾತ್ರ.

ಮೂಳೆಯಲ್ಲಿಯೂ ಇಂಥದೇ ಸಂಗತಿಯಿದೆ. 84 ಅಮೈನೋ ಆಮ್ಲಗಳ ಪ್ಯಾರಾಥೈರಾಯ್ಡ್ ಹಾರ್ಮೋನು ಸದಾ ಹೆಚ್ಚಾಗಿದ್ದರೆ ಮೂಳೆ ಸವೆಯುತ್ತದೆ. ಅದರ ಮೊದಲ 34 ಕೊಂಡಿಗಳಷ್ಟನ್ನೇ, ಟೆರಿಪ್ಯಾರಟೈಡ್ ಎಂಬ ಹೆಸರಿನಲ್ಲಿ, ದಿನಕ್ಕೊಮ್ಮೆ 20 ಮೈಕ್ರೋಗ್ರಾಂ ಚುಚ್ಚಿದರೆ ಮೂಳೆ ಬೆಳೆಯುತ್ತದೆ.

ಆದರೆ ಎಲ್ಲ ಗ್ರಾಹಿಗಳೂ ಒಂದೇ ರೀತಿ ದಣಿಯುವುದಿಲ್ಲ. ಊಟದ ನಂತರ ಕರುಳಿನಿಂದ ಹೊರಡುವ ಜಿಎಲ್‌ಪಿ-1 ಎಂಬ ಹಾರ್ಮೋನು ರಕ್ತದಲ್ಲಿ ಉಳಿಯುವುದು ಒಂದೆರಡು ನಿಮಿಷವಷ್ಟೇ. ಅದರ ರೂಪಾಂತರವಾದ, ಮಧುಮೇಹಕ್ಕೂ ತೂಕ ಇಳಿಸಲೂ ಕೊಡುವ ಸೆಮಾಗ್ಲುಟೈಡ್‌ನಲ್ಲಿ ಕಿಣ್ವ ಕತ್ತರಿಸುವ ಜಾಗವನ್ನು ಬದಲಿಸಿ, ರಕ್ತದಲ್ಲಿರುವ ಆಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಳ್ಳುವ ಕೊಬ್ಬಿನಾಮ್ಲದ ಬಾಲವೊಂದನ್ನು ಜೋಡಿಸಿರುವುದರಿಂದ ಅದು ವಾರಕ್ಕೊಮ್ಮೆ ಚುಚ್ಚಿದರೆ ಸಾಲುವಷ್ಟು ಕಾಲ ನಿಲ್ಲುತ್ತದೆ. ಹೀಗೆ ಸತತವಾಗಿ ಪ್ರಚೋದಿಸಿದಾಗ, ಜಠರ ಬರಿದಾಗುವುದನ್ನು ನಿಧಾನಗೊಳಿಸುವ ಪರಿಣಾಮ ದಿನಕಳೆದಂತೆ ಕುಗ್ಗುತ್ತದೆಯಾದರೂ ಹಸಿವನ್ನೂ ಸಕ್ಕರೆಯನ್ನೂ ತಗ್ಗಿಸುವ ಪರಿಣಾಮ ಉಳಿದುಕೊಳ್ಳುತ್ತದೆ. ಮಾತ್ರೆಯ ಪ್ರಶ್ನೆಗೂ ಉತ್ತರ ಇಲ್ಲಿಯೇ ಇದೆ. ಜಠರಕ್ಕೂ ಕರುಳಿಗೂ ಪೆಪ್ಟೈಡ್ ಎಂದರೆ ಜೀರ್ಣಿಸಬೇಕಾದ ಆಹಾರವೇ. ಹೀರಿಕೆಗೆ ನೆರವಾಗುವ ವಸ್ತುವನ್ನು ಬೆರೆಸಿ ಸೆಮಾಗ್ಲುಟೈಡ್ ಮಾತ್ರೆಯನ್ನು ತಯಾರಿಸಿದ್ದಾರೆ, ನಿಜ. ಆದರೂ ರಕ್ತ ಸೇರುವುದು ನುಂಗಿದ್ದರಲ್ಲಿ ಶೇಕಡಾ 1ರ ಆಸುಪಾಸು ಮಾತ್ರ.

ಇನ್ನು ಸೀಸೆಗಳ ವಿಷಯ. ಸಂಶೋಧನೆಗೆ ಮಾತ್ರ ಎಂಬ ಚೀಟಿ ಅಂಟಿಸಿ, ಬಿಪಿಸಿ-157ರಂಥ ಪೆಪ್ಟೈಡುಗಳನ್ನು ಮೈಗೆ ಚುಚ್ಚಿಕೊಳ್ಳುವವರಿಗೆ ಮಾರುತ್ತಿದ್ದಾರೆ. ದಯವಿಟ್ಟು ಅವುಗಳಿಂದ ದೂರವಿರಿ. ಸೀಸೆಯಲ್ಲಿರುವುದು ಶುದ್ಧವಾಗಿದೆಯೇ ಎಂಬ ಚಿಂತೆ ಒಂದಾದರೆ, ಯಾವ ಪ್ರಮಾಣದಲ್ಲಿ, ಎಷ್ಟು ಅಂತರದಲ್ಲಿ ಕೊಟ್ಟರೆ ದೇಹ ಹೇಗೆ ಸ್ಪಂದಿಸುತ್ತದೆ ಎಂಬುದನ್ನು ಮನುಷ್ಯರಲ್ಲಿ ಸಾಕಷ್ಟು ಪರೀಕ್ಷಿಸಿಯೇ ಇಲ್ಲವೆಂಬುದು ಅದಕ್ಕಿಂತ ದೊಡ್ಡ ಚಿಂತೆ. ಅಂತರವೊಂದು ಬದಲಾದರೆ ಔಷಧದ ಕೆಲಸವೇ ತಿರುಗುಮುರುಗಾಗಬಲ್ಲದೆಂದು ಮೇಲೆ ನೋಡಿದೆವಲ್ಲ.

ಇದೇ ಕಾರಣಕ್ಕೆ ತಂದೆಯವರ ಚುಚ್ಚುಮದ್ದಿನ ದಿನಾಂಕವನ್ನು ಮುಂದೂಡಬೇಡಿ. ಔಷಧ ಕರಗಿ ಮುಗಿದರೆ ಪಿಟ್ಯುಟರಿ ಮತ್ತೆ ಎಚ್ಚರಗೊಂಡು ಟೆಸ್ಟೋಸ್ಟಿರೋನ್ ಏರಬಹುದು. ಟೆಸ್ಟೋಸ್ಟಿರೋನ್ ದೀರ್ಘಕಾಲ ಕಡಿಮೆಯಿದ್ದರೆ ಮೂಳೆಗಳು ತೆಳುವಾಗುವುದರಿಂದ, ಮುಂದಿನ ಭೇಟಿಯಲ್ಲಿ ಮೂಳೆ ಸಾಂದ್ರತೆಯ ಪರೀಕ್ಷೆ ಬೇಕೇ ಎಂದು ಅವರ ವೈದ್ಯರನ್ನು ಕೇಳಿ.