ಕ್ರೂ ರೂಮಿನ ಗಾಳಿಸುದ್ದಿ: ಓದುಗರ ಪ್ರಶ್ನೆ, ಮಾಜಿ ಕ್ಯಾಪ್ಟನ್ ಉತ್ತರ

ಈ ಸಲ ಬಂದಿರೋ ಪತ್ರ, ಇಮೇಲ್ ಎಲ್ಲಾ ಹರಡ್ಕೊಂಡು ಕೂತಾಗ ಗೊತ್ತಾಗಿದ್ದು, ಅರ್ಧಕ್ಕಿಂತ ಜಾಸ್ತಿ ಜನ ಕೇಳಿರೋದು ಒಂದೇ ವಿಷ್ಯ. ನಮ್ಮ ಏರ್‌ಲೈನ್ ಯಾರ ಜತೆ ಮರ್ಜ್ ಆಗುತ್ತೆ, ಆಗ್ದೆ ಇದ್ರೆ ಉಳಿಯುತ್ತಾ. ಎಲ್ರೂ "ಹೆಸ್ರು ಹಾಕ್ಬೇಡಿ ಸರ್" ಅಂತ ಕೊನೇಲಿ ಸೇರಿಸಿದ್ದಾರೆ, ಹಾಕಿಲ್ಲ. ಹಾಗಾಗಿ ಈ ಸಂಚಿಕೆ ಪೂರ್ತಿ ಇದಕ್ಕೇ.

ಪ್ರಶ್ನೆ: ಸರ್, ನಾನು ಫಸ್ಟ್ ಆಫೀಸರ್ (ಸಹ ಪೈಲಟ್). ಕ್ರೂ ರೂಮಲ್ಲಿ ದಿನಕ್ಕೊಂದು ಸುದ್ದಿ. ಬೇರೆ ಕಂಪನಿಯವ್ರು ನಮ್ಮ ಸಿಮ್ಯುಲೇಟರ್ ನೋಡ್ಕೊಂಡು ಹೋದ್ರಂತೆ, ನಮ್ಮ ಸಿಇಒ ಅವರ ಸಿಇಒ ಜತೆ ಊಟಕ್ಕೆ ಕೂತಿದ್ರಂತೆ. ಎಷ್ಟು ನಂಬ್ಬೇಕು?

ಊಟಕ್ಕೆ ಕೂತಿದ್ದು ನಿಜ ಇರ್ಬಹುದು, ಊಟ ಮಾಡಿದ್ದೂ ನಿಜ ಇರ್ಬಹುದು, ಅಷ್ಟೇ. ಪೈಲಟ್‌ಗಳಷ್ಟು ಗಾಳಿಸುದ್ದಿ ಹಬ್ಬಿಸೋ ಜಾತಿ ಇನ್ನೊಂದಿಲ್ಲಪ್ಪ, ನಾನೂ ಅದೇ ಜಾತಿ. ಯಾಕಂದ್ರೆ ಆಟೋಪೈಲಟ್ ಹಾಕಿ ಮೂವತ್ತೈದು ಸಾವಿರ ಅಡಿ ಮೇಲೆ ಮೂರು ಗಂಟೆ ಒಂದು ಸಣ್ಣ ಗೂಡಲ್ಲಿ ಇಬ್ರೇ ಕೂತಿರ್ತೀವಿ, ಮಕ್ಳ ಸ್ಕೂಲು ಮನೆ ಸಾಲ ಎಲ್ಲಾ ಮಾತಾಡಿ ಮುಗಿದ್ಮೇಲೆ ಉಳಿಯೋದು ಕಂಪನಿ ಒಂದೇ. ನಾಳೆ ಇನ್ನೊಬ್ಬರ ಜತೆ ಕೂತಾಗ ನಿನ್ನೆ ಕೇಳಿದ್ದನ್ನ ಸ್ವಲ್ಪ ಉಪ್ಪು ಖಾರ ಹಾಕಿ ಹೇಳ್ತೀವಿ, ವಾರದಲ್ಲಿ ಅದೇ ಸುದ್ದಿ ಸುತ್ತಾಡ್ಕೊಂಡು ನಮ್ಮ ಕಿವಿಗೇ ವಾಪಸ್ ಬಂದಾಗ "ನೋಡು ಇನ್ನೊಬ್ರೂ ಅದೇ ಅಂದ್ರು" ಅಂತ ನಂಬಿಬಿಡ್ತೀವಿ.

ಅಮೆರಿಕದ ಸ್ಪಿರಿಟ್ ಅನ್ನೋ ಏರ್‌ಲೈನ್ ಕಥೆ ತಗೋ. 2022ರ ಫೆಬ್ರವರಿಯಲ್ಲಿ ಫ್ರಂಟಿಯರ್ ಜತೆ ಸೇರೋದು ಅಂತ ಎರಡೂ ಕಂಪನಿ ಒಪ್ಪಂದಾನೇ ಮಾಡ್ಕೊಂಡಿದ್ವು, ಗಾಳಿಸುದ್ದಿ ಅಲ್ಲ, ಸಹಿ ಹಾಕಿದ ಕಾಗದ. ನಡುವೆ ಜೆಟ್‌ಬ್ಲೂ ಬಂದು ಜಾಸ್ತಿ ದುಡ್ಡು ತೋರಿಸ್ತು, ಜುಲೈ ಹೊತ್ತಿಗೆ 380 ಕೋಟಿ ಡಾಲರ್‌ಗೆ ಮಾತು ಮುಗೀತು. ಅಲ್ಲಿಂದ ಒಂದೂವರೆ ವರ್ಷ ಆ ಪೈಲಟ್‌ಗಳು ಹೊಸ ಬೇಸ್ (ಡ್ಯೂಟಿ ಶುರುವಾಗೋ ಊರು) ಯಾವ್ದು, ಹೊಸ ಸಂಬಳ ಎಷ್ಟು ಅಂತ ಲೆಕ್ಕ ಹಾಕಿರ್ದೆ ಇರ್ತಾರಾ? ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದಂಗೆ. 2024ರ ಜನವರಿಯಲ್ಲಿ ಕೋರ್ಟು, ಇದ್ರಿಂದ ಪ್ರಯಾಣಿಕರಿಗೆ ಪೈಪೋಟಿ ಕಮ್ಮಿ ಆಗುತ್ತೆ ಅಂತ ತಡೀತು, ಮಾರ್ಚಲ್ಲಿ ಇಬ್ರೂ ಕೈಬಿಟ್ರು, ನವೆಂಬರಲ್ಲಿ ಸ್ಪಿರಿಟ್ ದಿವಾಳಿ ಅರ್ಜಿ ಹಾಕ್ತು. 2025ರ ಆಗಸ್ಟಲ್ಲಿ ಇನ್ನೊಂದ್ಸಲ ಹಾಕ್ತು. ಸಹಿ ಹಾಕಿದ ಕಾಗದದ ಗತಿನೇ ಇದು ಅಂದ್ಮೇಲೆ ಊಟದ ಟೇಬಲ್ ಸುದ್ದಿ ಏನು ಹೇಳ್ಲಿ.

ಪ್ರಶ್ನೆ: ನಮ್ಮ ಫ್ಲೈಟ್‌ಗಳು ಯಾವಾಗ್ಲೂ ಫುಲ್. ಆದ್ರೂ ಕಂಪನಿ ನಷ್ಟದಲ್ಲಿದೆ ಅಂತಾರೆ. ನಿಜವಾಗ್ಲೂ ಕಷ್ಟದಲ್ಲಿದ್ಯಾ ಅಂತ ನಮ್ಮಂಥವ್ರು ಹೇಗೆ ತಿಳ್ಕೊಳ್ಳೋದು ಕ್ಯಾಪ್ಟನ್?

ಸೀಟು ತುಂಬಿದೆ ಅನ್ನೋದು ಲಾಭದ ಲೆಕ್ಕ ಅಲ್ಲ. ಖರ್ಚಿಗಿಂತ ಕಮ್ಮಿ ರೇಟಿಗೆ ಟಿಕೆಟ್ ಮಾರಿದ್ರೆ ವಿಮಾನ ತುಂಬ್ದಷ್ಟೂ ಸಂಕಟ. ಇನ್ನೊಂದು ವಿಷ್ಯ ತುಂಬಾ ಜನಕ್ಕೆ ಹೊಳೆಯಲ್ಲ. ಏರ್‌ಲೈನ್ ಬ್ಯಾಂಕಲ್ಲಿ ಇರೋ ದುಡ್ಡಲ್ಲಿ ಒಂದು ದೊಡ್ಡ ಪಾಲು ಇನ್ನೂ ಹಾರದೇ ಇರೋ ಪ್ರಯಾಣಿಕರದ್ದು, ಮುಂದಿನ ತಿಂಗಳ ಟಿಕೆಟ್ ದುಡ್ಡಲ್ಲಿ ಈ ತಿಂಗಳ ಇಂಧನ ತುಂಬಿಸ್ತಿರ್ತಾರೆ. ಅದ್ಕೇ ಕಾರ್ಡ್ ಕಂಪನಿಗಳಿಗೆ ಹೆದರಿಕೆ, ನಾಳೆ ಏರ್‌ಲೈನ್ ಮುಚ್ಚಿದ್ರೆ ಅಷ್ಟೂ ಜನಕ್ಕೆ ರೀಫಂಡ್ ನಾವೇ ಕೊಡ್ಬೇಕಲ್ಲ ಅಂತ. ಸ್ವಲ್ಪ ಅನುಮಾನ ಬಂದ್ರೆ ಸಾಕು, "ಪ್ರಯಾಣಿಕ ಹಾರೋ ತನಕ ದುಡ್ಡು ನಮ್ಮತ್ರನೇ ಇರ್ಲಿ" ಅಂದ್ಬಿಡ್ತಾರೆ. 2008ರ ಏಪ್ರಿಲ್‌ನಲ್ಲಿ ಇದೇ ಫ್ರಂಟಿಯರ್ ದಿವಾಳಿ ರಕ್ಷಣೆ ಕೇಳ್ಕೊಂಡು ಕೋರ್ಟಿಗೆ ಓಡಿದ್ದು ಈ ಕಾರಣಕ್ಕೇ, ಕಾರ್ಡ್ ಪ್ರೊಸೆಸರ್ ಟಿಕೆಟ್ ದುಡ್ಡು ಹಿಡಿದಿಟ್ಕೊತೀವಿ ಅಂದಿದ್ದಕ್ಕೆ.

ಇದೆಲ್ಲಾ ನಿಮ್ಮ ಕಣ್ಣಿಗೆ ಬೀಳಲ್ಲ ಬಿಡಿ. ಕಣ್ಣಿಗೆ ಬೀಳೋದು ಬೇರೆ. ನಾನು ಹಾರಿಸ್ತಿದ್ದ ಒಂದು ಕಂಪನೀಲಿ (ಹೆಸ್ರು ಬೇಡ, ಈಗಿಲ್ಲ) ಒಂದಿನ ಬೆಳಗ್ಗೆ ಪ್ರಯಾಣಿಕರೆಲ್ಲಾ ಹತ್ತಿ ಬೆಲ್ಟ್ ಹಾಕ್ಕೊಂಡು ಕೂತಾಗಿದೆ, ಇಂಧನದ ಗಾಡಿ ರೆಕ್ಕೆ ಕೆಳಗೇ ನಿಂತಿದೆ, ಆದ್ರೆ ಪೈಪ್ ಹಚ್ತಿಲ್ಲ. ಆ ಹುಡುಗ ಪೈಪನ್ನ ಹೆಗಲ ಮೇಲೆ ಹಾಕ್ಕೊಂಡು ಫೋನಲ್ಲಿ ಮಾತಾಡ್ತಾ ಕಾಕ್‌ಪಿಟ್ ಕಿಟಕಿ ಕಡೆ ನೋಡ್ತಾನೆ, ನಾನು ಕೈಯಲ್ಲಿ ಏನಪ್ಪಾ ಅಂತ ಕೇಳಿದ್ರೆ ಹೆಬ್ಬೆರಳು ತೋರುಬೆರಳು ಉಜ್ಜಿ ತೋರಿಸ್ದ. ದುಡ್ಡು ಬಂದಿಲ್ಲ. ನಲವತ್ತು ನಿಮಿಷ ಕೂತ್ವಿ, ನಾನು ಮೈಕ್ ಹಿಡ್ಕೊಂಡು "ಸಣ್ಣ ತಾಂತ್ರಿಕ ಕಾರಣ" ಅಂತ ಸುಳ್ಳು ಹೇಳಿದೆ, ಇವತ್ತಿಗೂ ನಾಚಿಕೆ ಆಗುತ್ತೆ. ಉದ್ರಿ ಹೋಗಿ ನಗದು ಬಂದಿದೆ ಅಂದ್ರೆ ಅದು ಸುದ್ದಿ. ಹ್ಯಾಂಗರ್ ಮೂಲೇಲಿ ನಿಂತಿರೋ ವಿಮಾನದಿಂದ ಇವತ್ತು ಒಂದು ಪಾರ್ಟು ನಾಳೆ ಒಂದು ಪಾರ್ಟು ಬಿಚ್ಚಿ ಬೇರೆದಕ್ಕೆ ಹಾಕ್ತಿದ್ದಾರಾ, ಎಂಜಿನ್ ಇರೋ ಜಾಗದಲ್ಲಿ ತೂಕಕ್ಕೆ ಅಂತ ಕಾಂಕ್ರೀಟ್ ದಿಮ್ಮಿ ನೇತಾಡ್ತಿದ್ಯಾ, ವಿಮಾನ ಬಾಡಿಗೆಗೆ ಕೊಟ್ಟಿರೋ ಲೀಸ್ ಕಂಪನಿಯವ್ರು ಲಾಗ್‌ಬುಕ್ ಎಣಿಸೋಕೆ ಬಂದಿದ್ದಾರಾ, ಸಂಬಳ ಒಂದನೇ ತಾರೀಕಿಂದ ಏಳಕ್ಕೆ, ಏಳರಿಂದ ಹದಿನೈದಕ್ಕೆ ಜಾರ್ತಿದ್ಯಾ, ಸ್ಲಿಪ್ಪಲ್ಲಿ ಕಟ್ ಆಗಿರೋ ಪಿಎಫ್ ನಿಜವಾಗ್ಲೂ ಖಾತೆಗೆ ಹೋಗಿದ್ಯಾ, ಇವನ್ನ ನೋಡಿ. ಕಿಂಗ್‌ಫಿಷರ್ 2012ರ ಅಕ್ಟೋಬರಲ್ಲಿ ನಿಂತಾಗ್ಲೂ ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ಕ್ಕೆ ಕೊನೇ ಫ್ಲೈಟ್ ಹಾರಿಸಿದಾಗ್ಲೂ ಅದಕ್ಕೆ ತಿಂಗಳುಗಟ್ಲೆ ಮುಂಚೆನೇ ಸಂಬಳ ನಿಂತಿತ್ತು. ಜೆಟ್ ಮತ್ತೆ ಹಾರುತ್ತೆ, ಕೊಳ್ಳೋರು ಬಂದಿದ್ದಾರೆ ಅಂತ ಐದು ವರ್ಷ ಕಾದೋರಿಗೆ 2024ರ ನವೆಂಬರ್ 7ಕ್ಕೆ ಸುಪ್ರೀಂ ಕೋರ್ಟು ಲಿಕ್ವಿಡೇಶನ್, ಅಂದ್ರೆ ಇರೋದೆಲ್ಲಾ ಮಾರಿ ಮುಚ್ಚೋದು, ಅಂತ ಹೇಳ್ತು.

ಪ್ರಶ್ನೆ: ನಮಸ್ಕಾರ ಸರ್, ನನ್ನ ಯಜಮಾನ್ರು ಎಂಟು ವರ್ಷದಿಂದ ಫಸ್ಟ್ ಆಫೀಸರ್. ಇನ್ನೇನು ಕ್ಯಾಪ್ಟನ್ ಸರದಿ ಬರುತ್ತೆ ಅನ್ನೋವಾಗ ಮರ್ಜರ್ ಅಂತಿದ್ದಾರೆ. ದೊಡ್ಡ ಕಂಪನಿ ತಗೊಂಡ್ರೆ ಒಳ್ಳೇದೇ ಅಲ್ವಾ? ಅವ್ರು ಮಾತ್ರ ರಾತ್ರಿ ನಿದ್ದೆ ಮಾಡ್ತಿಲ್ಲ.

ನೋಡಮ್ಮ, ಕಂಪನಿಗೆ ಒಳ್ಳೇದು, ನಿಮ್ಮ ಯಜಮಾನ್ರಿಗೆ ಒಳ್ಳೇದು, ಇವೆರಡೂ ಬೇರೆ ಬೇರೆ ಲೆಕ್ಕ. ಅವ್ರು ನಿದ್ದೆಗೆಡ್ತಿರೋದು ಸೀನಿಯಾರಿಟಿ ಲಿಸ್ಟ್ ಅನ್ನೋ ಒಂದು ಕಾಗದಕ್ಕೆ. ಡಾಕ್ಟ್ರು, ಇಂಜಿನಿಯರು ಕಂಪನಿ ಬದಲಾಯಿಸಿದ್ರೆ ಅನುಭವ ನೋಡಿ ಮೇಲಿನ ಕುರ್ಚಿ ಕೊಡ್ತಾರೆ. ದೊಡ್ಡ ಏರ್‌ಲೈನ್‌ಗಳಲ್ಲಿ, ಅದ್ರಲ್ಲೂ ಅಮೆರಿಕದಲ್ಲಿ, ಹಾಗಿಲ್ಲ, ಇಪ್ಪತ್ತು ವರ್ಷ ಹಾರಿಸಿದೋನೂ ಹೊಸ ಕಂಪನಿಗೆ ಹೋದ್ರೆ ಸಾಲಿನ ಕೊನೇಲಿ ನಿಲ್ಬೇಕು. ಕ್ಯಾಪ್ಟನ್ ಯಾವಾಗ ಆಗ್ತಾರೆ, ಯಾವ ವಿಮಾನ, ಯಾವ ಬೇಸ್, ಹಬ್ಬಕ್ಕೆ ಮನೇಲಿರ್ತಾರಾ, ಕೆಲ್ಸ ಕಡಿತ ಆದ್ರೆ ಮೊದ್ಲು ಯಾರು ಹೊರಗೆ, ಎಲ್ಲಾ ಆ ನಂಬರಿನ ಮೇಲೆ. ಈಗ ಎರಡು ಕಂಪನಿ ಸೇರಿದ್ರೆ ಎರಡು ಸಾಲನ್ನ ಒಂದು ಸಾಲು ಮಾಡ್ಬೇಕು. ಯಾರ ಹಿಂದೆ ಯಾರು? ಸೇರಿದ ತಾರೀಕು ನೋಡಿದ್ರೆ ಹಳೇ ಕಂಪನಿಯವ್ರು ಮೇಲೆ ಹೋಗ್ತಾರೆ, ಹೊಸ ಕಂಪನಿಯ ಚಿಕ್ಕ ವಯಸ್ಸಿನ ಕ್ಯಾಪ್ಟನ್ ಕೆಳಗೆ ಬೀಳ್ತಾನೆ. ಇವತ್ತು ಕೂತಿರೋ ಕುರ್ಚಿ ನೋಡಿದ್ರೆ ಹಳಬರು "ಇಷ್ಟು ವರ್ಷ ಮಣ್ಣು ಹೊತ್ತಿದ್ದು ಇದಕ್ಕಾ" ಅಂತಾರೆ. ಇಬ್ರ ಮಾತಲ್ಲೂ ನ್ಯಾಯ ಇದೆ, ಅದೇ ತೊಂದ್ರೆ.

ಇದು ಎಷ್ಟು ಎಳೀಬಹುದು ಅಂದ್ರೆ, 2005ರಲ್ಲಿ ಅಮೆರಿಕ ವೆಸ್ಟ್ ಅನ್ನೋ ಏರ್‌ಲೈನ್ ಮತ್ತೆ ಯುಎಸ್ ಏರ್‌ವೇಸ್ ಸೇರಿದ್ವು. ಯುಎಸ್ ಏರ್‌ವೇಸ್ ಕಡೇಲಿ ಸರ್ವೀಸ್ ಜಾಸ್ತಿ, ಆದ್ರೆ ಎರಡು ಸಲ ದಿವಾಳಿ ಕಂಡಿದ್ದ ಕಂಪನಿ, ಸಾವಿರಕ್ಕೂ ಮೇಲೆ ಪೈಲಟ್‌ಗಳು ಕೆಲ್ಸ ಇಲ್ದೆ ಮನೇಲಿ ಕೂತಿದ್ರು. 2007ರಲ್ಲಿ ಜಾರ್ಜ್ ನಿಕೊಲಾವ್ ಅನ್ನೋ ಮಧ್ಯಸ್ಥಗಾರರು ತೀರ್ಪು ಕೊಟ್ರು, ದೊಡ್ಡ ವಿಮಾನ ಹಾರಿಸ್ತಿದ್ದ ಹಳಬರು ಐನೂರು ಚಿಲ್ಲರೆ ಜನ ಎಲ್ಲರಿಗಿಂತ ಮೇಲೆ, ಆದ್ರೆ ಮನೇಲಿ ಕೂತಿದ್ದೋರು ಎಲ್ಲರಿಗಿಂತ ಕೆಳಗೆ. ಅಂದ್ರೆ ಹದಿನಾರು ಹದಿನೇಳು ವರ್ಷ ಹಿಂದೆ ಸೇರಿದೋನು ಮೊನ್ನೆ ಮೊನ್ನೆ ಸೇರಿದ ಹುಡುಗನ ಹಿಂದೆ. ಸುಮ್ನಿರ್ತಾರಾ? ಯುಎಸ್ ಏರ್‌ವೇಸ್ ಕಡೆಯವ್ರೇ ಸಂಖ್ಯೆಯಲ್ಲಿ ಜಾಸ್ತಿ ಇದ್ದಿದ್ರಿಂದ 2008ರಲ್ಲಿ ವೋಟು ಹಾಕಿ ತಮ್ಮ ಯೂನಿಯನ್ನನ್ನೇ ಕಿತ್ತೆಸೆದು ಹೊಸ ಯೂನಿಯನ್ ಕಟ್ಟಿದ್ರು, ಆ ಲಿಸ್ಟು ಜಾರಿ ಆಗ್ಲೇ ಇಲ್ಲ. ವಿಮಾನದ ಮೈಮೇಲೆ ಒಂದೇ ಹೆಸ್ರು ಒಂದೇ ಬಣ್ಣ, ಒಳಗೆ ಮಾತ್ರ ಈ ಕಡೆ ಕ್ಯಾಪ್ಟನ್ ಜತೆ ಆ ಕಡೆ ಫಸ್ಟ್ ಆಫೀಸರ್ ಕೂರೋ ಹಾಗಿಲ್ಲ. ಕೋರ್ಟು ಕಚೇರಿ ಅಂತ ಅಲೆದು, ನಡುವೆ 2013ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಜತೆ ಇನ್ನೊಂದು ಮರ್ಜರ್ ಆಗಿ, ಎಲ್ಲರದ್ದೂ ಸೇರಿಸಿ ಒಂದು ಲಿಸ್ಟ್ ಬಂದಿದ್ದು 2016ರಲ್ಲಿ. ಹನ್ನೊಂದು ವರ್ಷ ಕಣಮ್ಮ, ಅಷ್ಟರಲ್ಲಿ ಎಷ್ಟೋ ಜನ ರಿಟೈರ್ ಆಗಿದ್ರು.

ನಮ್ಮಲ್ಲೂ ಆಗಿದೆ. 2007ರಲ್ಲಿ ಏರ್ ಇಂಡಿಯಾ ಮತ್ತೆ ಇಂಡಿಯನ್ ಏರ್‌ಲೈನ್ಸ್ ಸೇರಿಸಿದ್ರು, ಕಾಗದದ ಮೇಲೆ. 2011ರಲ್ಲಿ ಇಂಡಿಯನ್ ಏರ್‌ಲೈನ್ಸ್ ಕಡೆಯವ್ರು ಸಮಾನ ಸಂಬಳ ಬೇಕು ಅಂತ ಮುಷ್ಕರ, 2012ರಲ್ಲಿ ಏರ್ ಇಂಡಿಯಾ ಕಡೆಯವ್ರು "ಹೊಸ ಡ್ರೀಮ್‌ಲೈನರ್ ವಿಮಾನದ ಟ್ರೈನಿಂಗು ಅವರಿಗ್ಯಾಕೆ" ಅಂತ ಮುಷ್ಕರ, ಅದು 58 ದಿನ. ಮದುವೆ ಆಗಿ ಐದು ವರ್ಷ ಆದ್ಮೇಲೂ ಎರಡು ಒಲೆ.

ಭಯ ಪಡಿಸೋಕೆ ಹೇಳ್ತಿಲ್ಲ. ಡೆಲ್ಟಾ ಮತ್ತೆ ನಾರ್ತ್‌ವೆಸ್ಟ್ ನೋಡಿ. 2008ರ ಶುರುವಿನಲ್ಲಿ ಈ ಲಿಸ್ಟಿನ ಜಗಳಕ್ಕೇ ಮಾತುಕತೆ ಮುರಿದುಬಿದ್ದಿತ್ತು. ಆಮೇಲೆ ಬುದ್ಧಿ ಕಲಿತು ಕಂಪನಿಗಳು ಸೇರೋ ಮುಂಚೆನೇ ಪೈಲಟ್‌ಗಳ ಜತೆ ಒಪ್ಪಂದ ಮಾಡ್ಕೊಂಡ್ರು, ಅಕ್ಟೋಬರಲ್ಲಿ ಮರ್ಜರ್ ಆಯ್ತು, ಡಿಸೆಂಬರಲ್ಲಿ ಮಧ್ಯಸ್ಥಗಾರರು ಒಂದೇ ಲಿಸ್ಟ್ ಕೊಟ್ರು, ಮುಗೀತು. ಹಾಗಾಗಿ ನಿಮ್ಮ ಯಜಮಾನ್ರಿಗೆ ಹೇಳಿ, ಯಾರು ಕೊಳ್ತಾರೆ ಅಂತ ಕೇಳೋದು ಬಿಟ್ಟು, ಲಿಸ್ಟ್ ಯಾವ ಲೆಕ್ಕದಲ್ಲಿ ಸೇರಿಸ್ತಾರೆ, ಒಪ್ಕೊಳ್ದೆ ಇದ್ರೆ ಯಾರ ಮುಂದೆ ಹೋಗ್ಬೇಕು, ಅದು ಬರವಣಿಗೇಲಿ ಇದ್ಯಾ ಅಂತ ಯೂನಿಯನ್ ಮೀಟಿಂಗಲ್ಲಿ ಎದ್ದು ನಿಂತು ಕೇಳ್ಲಿ. ಎಂಟು ವರ್ಷ ಸರ್ವೀಸ್ ಇದ್ರೆ ಸಾಲಿನ ನಡುವಲ್ಲಿ ಎಲ್ಲೋ ಇರ್ತಾರೆ, ಸಾಮಾನ್ಯವಾಗಿ ಪೆಟ್ಟು ತಿನ್ನೋದು ಕೊನೇ ಸಾಲಿನವ್ರು. ಮತ್ತೆ ಆ ಮೊಬೈಲ್ ರಾತ್ರಿ ಹತ್ತಕ್ಕೆ ನೀವೇ ಕಿತ್ತಿಟ್ಕೊಳಿ.

ಪ್ರಶ್ನೆ: ಮರ್ಜರ್ ಆದ್ರೆ ಸಂಬಳ ಜಾಸ್ತಿ ಆಗುತ್ತೆ ಅಂತ ನಮ್ಮ ಸೀನಿಯರ್ಸ್ ಹೇಳ್ತಾರೆ, ನಿಜಾನಾ?

ಕೆಲವು ಕಡೆ ಆಗಿದೆ. ಆದ್ರೆ ಒಟ್ಟು ಸಂಬಳ ಕೇಳ್ಬೇಡಿ, ಹಾರ್ಲಿ ಬಿಡ್ಲಿ ತಿಂಗಳಿಗೆ ಎಷ್ಟು ಗಂಟೆಗೆ ದುಡ್ಡು ಗ್ಯಾರಂಟಿ ಅಂತ ಕೇಳಿ. ವಿಸ್ತಾರ 2024ರ ನವೆಂಬರ್ 12ಕ್ಕೆ ಏರ್ ಇಂಡಿಯಾದಲ್ಲಿ ಸೇರ್ತು, ಅದಕ್ಕೆ ಮುಂಚೆ ಬಂದ ಹೊಸ ಕಾಂಟ್ರಾಕ್ಟಲ್ಲಿ ಆ ಗ್ಯಾರಂಟಿ 70 ಗಂಟೆಯಿಂದ 40 ಗಂಟೆಗೆ ಇಳೀತು. ಆ ವರ್ಷದ ಏಪ್ರಿಲ್ ಹೊತ್ತಿಗೆ ಪೈಲಟ್‌ಗಳಿಲ್ದೆ ಫ್ಲೈಟ್ ಮೇಲೆ ಫ್ಲೈಟ್ ಕ್ಯಾನ್ಸಲ್. ಜಾಸ್ತಿ ಹಾರಿಸಿದ್ರೆ ಜಾಸ್ತಿ ಬರುತ್ತೆ ಅನ್ನೋದು ಸರಿ, ಆದ್ರೆ ಯಾರು ಯಾವಾಗ ಹಾರಿಸ್ಬೇಕು ಅನ್ನೋ ರೋಸ್ಟರ್ ಬರೆಯೋದು ನೀವಲ್ವಲ್ಲ.

ಪ್ರಶ್ನೆ: ಪೈಲಟ್‌ಗಳಿಗೆ ಲಕ್ಷಗಟ್ಟಲೆ ಸಂಬಳ. ಕಂಪನಿ ಮುಚ್ಚಿದ್ರೆ ಇನ್ನೊಂದು ಕಡೆ ಹೋಗ್ತೀರಾ. ಈ ಅಳು ಯಾಕೆ?

ಪ್ರಶ್ನೆ ಸ್ವಲ್ಪ ಖಾರ ಆದ್ರೂ ಕೇಳಬೇಕಾದ್ದೇ. ಒಳ್ಳೆ ಸಂಬಳ ಹೌದು. ಆದ್ರೆ ಕಂಪನಿ ಮುಚ್ಚೋದು ಒಂದೇ ಸಲ ಹತ್ತಾರು ಕಂಪನಿ ಸುಸ್ತಾಗಿರೋ ಕಾಲದಲ್ಲಿ, ಆಗ ಖಾಲಿ ಕುರ್ಚಿ ಇರಲ್ಲ, ನಿಮ್ಮ ಹಿಂದೆ ಮುನ್ನೂರು ಜನ ಅದೇ ಲೈಸೆನ್ಸ್ ಹಿಡ್ಕೊಂಡು ನಿಂತಿರ್ತಾರೆ. ಏರ್‌ಬಸ್ ಹಾರಿಸೋನು ಬೋಯಿಂಗ್‌ಗೆ ಹೋಗ್ಬೇಕಂದ್ರೆ ಮತ್ತೆ ಟ್ರೈನಿಂಗು, ಹಾರಿಸ್ದೆ ಕೂತ್ರೆ ಲೈಸೆನ್ಸಿನ ಕರೆನ್ಸಿ, ಅಂದ್ರೆ ಇತ್ತೀಚೆಗೆ ಹಾರಿಸಿದ್ದೀವಿ ಅನ್ನೋ ಅರ್ಹತೆ, ಹೋಗುತ್ತೆ. ದಿವಾಳಿಲಿ ಪಿಂಚಣಿನೂ ಹೋಗಬಹುದು, ಯುನೈಟೆಡ್ 2005ರಲ್ಲಿ ಕೋರ್ಟ್ ಒಪ್ಪಿಗೆ ತಗೊಂಡು ನೌಕರರ ಪಿಂಚಣಿ ಹೊರೆನ ಸರ್ಕಾರಿ ವಿಮಾ ಸಂಸ್ಥೆ ಮೇಲೆ ಹಾಕಿ ಕೈತೊಳ್ಕೊಂಡ್ತು, ಎಷ್ಟೋ ಪೈಲಟ್‌ಗಳಿಗೆ ಬರ್ಬೇಕಾಗಿದ್ದಕ್ಕಿಂತ ತುಂಬಾ ಕಮ್ಮಿ ಬಂತು. ಇನ್ನು ಪೈಲಟ್‌ಗಳಿಗಿಂತ ಕಷ್ಟ ಪಟ್ಟೋರು ಕ್ಯಾಬಿನ್ ಕ್ರೂ. 2001ರಲ್ಲಿ ಅಮೆರಿಕನ್, ಟಿಡಬ್ಲ್ಯೂಎ ಕಂಪನಿನ ತಗೊಂಡಾಗ ಅಲ್ಲಿನ ಗಗನಸಖಿಯರನ್ನೆಲ್ಲಾ, ಮೂವತ್ತು ವರ್ಷ ಸರ್ವೀಸ್ ಆದೋರನ್ನೂ ಬಿಡ್ದೆ, ಸಾಲಿನ ಕೊನೆಗೆ ಅಂಟಿಸಿದ್ರು, 2003ರ ಹೊತ್ತಿಗೆ ಅಷ್ಟೂ ಜನ ಮನೆಗೆ. ಅದಾದ್ಮೇಲೇ ಅಮೆರಿಕದಲ್ಲಿ ಲಿಸ್ಟ್ ಸೇರಿಸೋದು ನ್ಯಾಯವಾಗಿರ್ಬೇಕು ಅಂತ 2007ರಲ್ಲಿ ಕಾನೂನು ಬಂದಿದ್ದು.

ಪ್ರಶ್ನೆ: ಸರ್, ನೀವು ಹಾರಿಸ್ತಿದ್ದಾಗ ನಿಮ್ಮ ಊಹೆ ಯಾವತ್ತಾದ್ರೂ ಸರಿ ಆಗಿತ್ತಾ?

ಮೇಲೆ ಹೇಳಿದ್ನಲ್ಲ ಇಂಧನದ ಕಥೆ, ಅದೇ ಕಂಪನೀಲಿ ಕ್ರೂ ರೂಮಿನ ಗೋಡೆ ಮೇಲೆ ಒಂದು ಚಾರ್ಟ್ ಇತ್ತು, ನಮ್ಮನ್ನ ಯಾರು ಕೊಳ್ತಾರೆ ಅಂತ ಬಾಜಿ. ನಾಲ್ಕು ಕಂಪನಿ ಹೆಸ್ರು, ಅದರ ಕೆಳಗೆ ನಮ್ಮ ಹೆಸ್ರುಗಳು, ತಲೆಗಿಷ್ಟು ಅಂತ ದುಡ್ಡು ಒಂದು ಬಿಸ್ಕೆಟ್ ಡಬ್ಬಿಲಿ. ನಾನು ಎರಡು ಕಂಪನಿ ಮೇಲೆ ಕಟ್ಟಿದ್ದೆ, ಬುದ್ಧಿವಂತ ನೋಡಿ. ಡಿಸ್‌ಪ್ಯಾಚ್‌ನಲ್ಲಿದ್ದ (ಫ್ಲೈಟ್ ಹೊರಡಿಸೋ ವಿಭಾಗ) ಒಬ್ಬ ಹಿರಿಯರು ಐದನೇ ಕಾಲಮ್ ಎಳೆದು "ಯಾರೂ ಇಲ್ಲ" ಅಂತ ಬರ್ದು ಅದರ ಕೆಳಗೆ ತಮ್ಮೊಬ್ಬರದ್ದೇ ಹೆಸ್ರು ಹಾಕಿದ್ರು, ಎಲ್ರೂ ನಕ್ವಿ. ದಿನಾ ಇಂಧನದ ಬಿಲ್ಲಿಗೆ ಫೋನ್ ಮಾಡ್ತಿದ್ದಿದ್ದು ಅವ್ರೇ ಅಂತ ನಮಗ್ಯಾರಿಗೂ ಹೊಳೀಲಿಲ್ಲ. ಕೊನೇ ದಿನ ಡಬ್ಬಿ ಅವರ ಕೈಗೆ ಕೊಟ್ವಿ. ಮೂರು ತಿಂಗಳ ಸಂಬಳ ಬಾಕಿ ಇತ್ತು ಅವರಿಗೂ, ಆದ್ರೂ ಅರ್ಧ ತೆಗೆದು ಗೇಟಲ್ಲಿದ್ದ ಸೆಕ್ಯೂರಿಟಿ ಹುಡುಗರಿಗೆ ಹಂಚಿ ಡಬ್ಬಿ ಚೀಲಕ್ಕೆ ಹಾಕ್ಕೊಂಡು ಬಸ್ ಹತ್ತಿದ್ರು.