ಹದಿನೆಂಟು ಕೊಟ್ಟರೆ ಹದಿನೆಂಟೇ ಬರೆಸಿ

ಶಿಡ್ಲಘಟ್ಟದ ಓದುಗರೊಬ್ಬರು ಬರೆದಿದ್ದಾರೆ: "ನನ್ನದು ರೇಷ್ಮೆ ರೀಲಿಂಗ್‌ನ ಸಣ್ಣ ಘಟಕ. ಖರ್ಚು ಕಳೆದು ವರ್ಷಕ್ಕೆ 5 ಲಕ್ಷ ಉಳಿಯುತ್ತದೆ. ಪಟ್ಟಣದ ಅಂಚಿನಲ್ಲಿ 30-40 ಸೈಟ್ ಒಂದು 18 ಲಕ್ಷಕ್ಕೆ ಮಾತಾಗಿದೆ. ಮಗಳ ಮದುವೆ ಇದೆ ಅಂತ ಮಾರುತ್ತಿದ್ದಾರೆ. ಟೋಕನ್ 10 ಸಾವಿರ ನಗದು ಕೊಟ್ಟಿದ್ದೇನೆ. ಸರ್ಕಾರಿ ಮಾರ್ಗಸೂಚಿ ದರದಲ್ಲಿ ಅದು 24 ಲಕ್ಷವಂತೆ. 24 ಅಂತಲೇ ಬರೆಸಿ, ಉಳಿದ 6 ಲಕ್ಷ ನಗದಾಗಿ ಕೊಟ್ಟೆ ಅಂತ ಹಾಕಿಸಿ, ಇಲ್ಲದಿದ್ದರೆ ಇನ್‌ಕಂ ಟ್ಯಾಕ್ಸ್ ನೋಟಿಸ್ ಬರುತ್ತದೆ ಎಂದು ಮಧ್ಯವರ್ತಿ ಹೇಳುತ್ತಾರೆ. ಏನು ಮಾಡಲಿ?"

ಸಂಪಾದಕರ ಉತ್ತರ:

ದಯವಿಟ್ಟು ಹಾಗೆ ಬರೆಸಬೇಡಿ. ಪತ್ರಕ್ಕೆ ಸಹಿ ಹಾಕುವ ಮುಂಚೆಯೇ ಕೇಳಿದ್ದೀರಿ, ಒಳ್ಳೆಯದಾಯಿತು.

ಕೊಡದ 6 ಲಕ್ಷವನ್ನು ಕೊಟ್ಟೆ ಎಂದು ಬರೆಸಿದರೆ ಏನಾಗುತ್ತದೆ ನೋಡಿ. ಆ ದುಡ್ಡು ಎಲ್ಲಿಂದ ಬಂತು ಎಂದು ನಾಳೆ ಇಲಾಖೆ ಕೇಳುತ್ತದೆ. ಇಲ್ಲದ ದುಡ್ಡಿಗೆ ಮೂಲ ಎಲ್ಲಿಂದ ತೋರಿಸುತ್ತೀರಿ? ಲೆಕ್ಕ ಕೊಡಲಾಗದ ಹೂಡಿಕೆ ಎಂದು ಅದಕ್ಕೆ ಮಾಮೂಲಿಗಿಂತ ತುಂಬಾ ಜಾಸ್ತಿ ದರದ ತೆರಿಗೆ ಬೀಳುತ್ತದೆ. ಮಾರುವವರಿಗೂ ಕಷ್ಟ. ಆಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಹೆಚ್ಚು ಹಣವನ್ನು ನಗದಾಗಿ ತೆಗೆದುಕೊಳ್ಳುವುದನ್ನು 2015ರ ಜೂನ್ 1ರಿಂದ ನಿಷೇಧಿಸಲಾಗಿದೆ. ತೆಗೆದುಕೊಂಡಷ್ಟೇ ಮೊತ್ತದ ದಂಡ ಬೀಳಬಹುದು. ಮಗಳ ಮದುವೆಗೆಂದು ಸೈಟ್ ಮಾರುವವರು ಕೈಗೇ ಬಾರದ 6 ಲಕ್ಷಕ್ಕೆ 6 ಲಕ್ಷ ದಂಡ ಕಟ್ಟುವ ಸ್ಥಿತಿ ಬರಬಾರದು ಅಲ್ವಾ? ಇನ್ನು ನೋಂದಣಿ ಅಧಿಕಾರಿಯ ಮುಂದೆ ಬೇಕೆಂದೇ ಸುಳ್ಳು ಹೇಳಿದರೆ 1908ರ ನೋಂದಣಿ ಕಾಯ್ದೆಯಲ್ಲಿ ಏಳು ವರ್ಷದವರೆಗೆ ಜೈಲು ಇದೆ.

ನೀವು ಕೊಟ್ಟ 10 ಸಾವಿರಕ್ಕೆ ತೊಂದರೆ ಇಲ್ಲ. ಇನ್ನು ಮುಂದಿನದೆಲ್ಲ ಬ್ಯಾಂಕ್ ಮೂಲಕವೇ ಹೋಗಲಿ.

ಸರ್ಕಾರಿ ದರಕ್ಕಿಂತ ಕಡಿಮೆಗೆ ಕೊಳ್ಳುವುದು ತಪ್ಪೇ ಅಲ್ಲ. ಮಾರ್ಗಸೂಚಿ ದರ ಎನ್ನುವುದು ಒಂದು ಬಡಾವಣೆಗೆ, ಒಂದು ರಸ್ತೆಗೆ ಒಟ್ಟಾಗಿ ಹಾಕಿದ ಅಂದಾಜು. ಸೈಟು ಮೂಲೆಯಲ್ಲಿ ಸಿಕ್ಕಿಕೊಂಡಿದೆಯಾ, ಮೇಲೆ ಹೈಟೆನ್ಷನ್ ತಂತಿ ಇದೆಯಾ, ಮಾರುವವರಿಗೆ ಅವಸರವಿದೆಯಾ, ಇದನ್ನೆಲ್ಲ ಆ ಪಟ್ಟಿ ನೋಡುವುದಿಲ್ಲ. 2023ರ ಅಕ್ಟೋಬರ್ 1ರಿಂದ ರಾಜ್ಯದಲ್ಲಿ ದರ ಪರಿಷ್ಕರಣೆ ಆದಾಗ ಕೆಲವು ಕಡೆ ಪಟ್ಟಿಯ ದರವೇ ಪೇಟೆಯ ದರವನ್ನು ದಾಟಿತು.

ಹಾಗಾಗಿ ಪತ್ರದಲ್ಲಿ 18 ಲಕ್ಷ ಎಂದೇ ಬರೆಸಿ. ಮುದ್ರಾಂಕ ಶುಲ್ಕವನ್ನು ಮಾತ್ರ 24 ಲಕ್ಷದ ಮೇಲೆ ಕಟ್ಟಿ. ಎರಡೂ ಒಂದೇ ಪತ್ರದಲ್ಲಿ ಇರಬಹುದು, ಅದಕ್ಕೆ ಅಡ್ಡಿಯಿಲ್ಲ. ಶೇ 5ರ ಶುಲ್ಕ, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ಪಟ್ಟಣದಲ್ಲಿ ಶೇ 5.6, ಅಂದರೆ 1,34,400 ರೂಪಾಯಿ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 2 ಆಗಿದೆ, ಅದು 48 ಸಾವಿರ. 18 ಲಕ್ಷದ ಮೇಲೇ ಶುಲ್ಕ ಕಟ್ಟುತ್ತೇನೆ ಎಂದು ಹಟ ಹಿಡಿಯುವ ಹಕ್ಕೂ ನಿಮಗಿದೆ. ಆಗ ಕರ್ನಾಟಕ ಮುದ್ರಾಂಕ ಕಾಯ್ದೆಯ 45-ಎ ಕಲಮಿನಲ್ಲಿ ಉಪನೋಂದಣಾಧಿಕಾರಿ ಪತ್ರವನ್ನು ತಡೆಹಿಡಿದು ಬೆಲೆ ನಿಗದಿಗೆ ಮೇಲಕ್ಕೆ ಕಳಿಸುತ್ತಾರೆ. ಉಳಿಯುವುದು ಸುಮಾರು 45 ಸಾವಿರ. ಮದುವೆ ಹತ್ತಿರವಿರುವ ಮನೆಯವರನ್ನು ಅದಕ್ಕಾಗಿ ಕಾಯಿಸುವುದು ಬೇಡ ಎಂದು ನನಗನಿಸುತ್ತದೆ.

ಈಗ ನಿಮ್ಮನ್ನು ಹೆದರಿಸಿದ ಇನ್‌ಕಂ ಟ್ಯಾಕ್ಸ್ ವಿಚಾರ. ನಿಯಮ ನಿಜವಾಗಿಯೂ ಇದೆ. 1961ರ ಕಾಯ್ದೆಯಲ್ಲಿ 56(2)(ಎಕ್ಸ್) ಎನ್ನುತ್ತಿದ್ದರು. 2026ರ ಏಪ್ರಿಲ್ 1ರಿಂದ ಬಂದ ಹೊಸ ಕಾಯ್ದೆಯಲ್ಲಿ ಕಲಮಿನ ಸಂಖ್ಯೆ ಬೇರೆ, ತಿರುಳು ಅದೇ. ಕೊಟ್ಟ ಬೆಲೆಗೂ ಸರ್ಕಾರಿ ದರಕ್ಕೂ ಇರುವ ವ್ಯತ್ಯಾಸ 50 ಸಾವಿರ ಮತ್ತು ಕೊಟ್ಟ ಬೆಲೆಯ ಶೇ 10, ಈ ಎರಡರಲ್ಲಿ ದೊಡ್ಡದನ್ನು ದಾಟಿದರೆ ಆ ವ್ಯತ್ಯಾಸ ಕೊಂಡವರ ಆದಾಯ ಎಂದು ಲೆಕ್ಕ. ನಿಮ್ಮ ಮಿತಿ 1.8 ಲಕ್ಷ, ವ್ಯತ್ಯಾಸ 6 ಲಕ್ಷ. 1.8 ಕಳೆದು ಉಳಿದದ್ದಕ್ಕೆ ಮಾತ್ರ ತೆರಿಗೆ ಎಂದು ಸುಮಾರು ಜನ ತಿಳಿದಿದ್ದಾರೆ. ಹಾಗಲ್ಲ, ಮಿತಿ ದಾಟಿದರೆ ಪೂರ್ತಿ 6 ಲಕ್ಷವೂ ಲೆಕ್ಕಕ್ಕೆ ಬರುತ್ತದೆ.

ಆದರೆ ನಿಮ್ಮ ಆದಾಯ 5 ಲಕ್ಷ. ಈ 6 ಸೇರಿ 11 ಲಕ್ಷ. ಹೊಸ ತೆರಿಗೆ ಪದ್ಧತಿಯಲ್ಲಿ 2025-26ರಿಂದ 12 ಲಕ್ಷದವರೆಗೆ ರಿಬೇಟ್, ಅಂದರೆ ತೆರಿಗೆ ಮನ್ನಾ ಇದೆ, ಈ 6 ಲಕ್ಷಕ್ಕೂ ಮಾಮೂಲಿ ದರವೇ. ನೀವು ಹೇಳಿದ ಅಂಕಿ ಸರಿಯಾಗಿದ್ದು, ಬೇರೆ ಆದಾಯ ಇಲ್ಲದಿದ್ದರೆ ಕಟ್ಟಬೇಕಾದ ತೆರಿಗೆ ಸೊನ್ನೆ. ರಿಟರ್ನ್‌ನಲ್ಲಿ ಆ 6 ಲಕ್ಷವನ್ನು ತೋರಿಸಬೇಕು, ಅಷ್ಟೇ. ಸೊನ್ನೆ ತೆರಿಗೆಗೆ ಹೆದರಿ ಜೈಲಿನ ಮಾತಿರುವ ಸುಳ್ಳನ್ನು ಬರೆಸಲು ಹೊರಟಿದ್ದರಲ್ಲ ಎಂದು ನಿಮ್ಮ ಪತ್ರ ಓದಿ ಸಂಕಟವಾಯಿತು.

ಇನ್ನೊಂದು ಅನುಕೂಲವೂ ಇದೆ. ಹೀಗೆ ಆದಾಯಕ್ಕೆ ಸೇರಿಸಿದ ಮೇಲೆ, ಮುಂದೆ ಸೈಟ್ ಮಾರುವಾಗ ನಿಮ್ಮ ಕೊಂಡ ಬೆಲೆ 24 ಲಕ್ಷ ಎಂದೇ ಲೆಕ್ಕ. ನಮ್ಮ ತಂದೆ ಪತ್ರದಲ್ಲಿ ಅರ್ಧ ಬೆಲೆ ಬರೆಸಿ ಜಾಗ ಕೊಂಡಿದ್ದರು. ನಾವು ಅದನ್ನು ಮಾರಿದಾಗ ಉಳಿದರ್ಧ ಕೊಟ್ಟದ್ದಕ್ಕೆ ಒಂದು ಚೀಟಿಯೂ ಇರಲಿಲ್ಲ. ಅವರು ದುಡಿದು ಕೊಟ್ಟ ದುಡ್ಡಿಗೇ ನಾವು ಲಾಭದ ತೆರಿಗೆ ಕಟ್ಟಿದೆವು.

ಮಾರುವವರಿಗೆ ಒಂದು ಮಾತು ಹೇಳಿಬಿಡಿ. ಅವರಿಗೂ ಮಾರಿದ ಬೆಲೆ 24 ಲಕ್ಷ ಎಂದೇ ಹಿಡಿದು ಲಾಭದ ತೆರಿಗೆ ಲೆಕ್ಕ ಹಾಕುತ್ತಾರೆ. ಸೈಟಿನ ನಿಜ ಬೆಲೆ 24 ಇಲ್ಲವೇ ಇಲ್ಲ ಎಂದಾದರೆ ಇಲಾಖೆಯ ಮೌಲ್ಯಮಾಪಕರಿಗೆ ಕಳಿಸಿ ಎಂದು ಅವರೂ ಕೇಳಬಹುದು, ನೀವೂ ಕೇಳಬಹುದು. 24ರ ಮೇಲೆ ಮುದ್ರಾಂಕ ಶುಲ್ಕ ಕಟ್ಟಿದ್ದರಿಂದ ಆ ದಾರಿ ಮುಚ್ಚುವುದಿಲ್ಲ. ಮೌಲ್ಯಮಾಪಕರು 24ಕ್ಕಿಂತ ಜಾಸ್ತಿ ಹೇಳಿದರೂ ಲೆಕ್ಕಕ್ಕೆ 24 ಮಾತ್ರ. ಸೈಟಿನ ಫೋಟೊ, ಅಕ್ಕಪಕ್ಕದ ಮಾರಾಟದ ಪತ್ರಗಳ ನಕಲು ಈಗಲೇ ಎತ್ತಿಡಿ.

ಸಂಬಂಧಿಕರಿಂದ ಕೊಂಡರೆ ಕೊಂಡವರಿಗೆ ಈ ತೆರಿಗೆ ಇಲ್ಲ. ಆದರೆ ಕಾನೂನಿನ ಸಂಬಂಧ ನಮ್ಮ ಮನೆಯ ಸಂಬಂಧದಷ್ಟು ಅಗಲವಿಲ್ಲ. ಚಿಕ್ಕಪ್ಪ ಬರುತ್ತಾರೆ, ಚಿಕ್ಕಪ್ಪನ ಮಗ ಬರುವುದಿಲ್ಲ.

ತೆರಿಗೆಗಿಂತ ನನಗೆ ಜಾಸ್ತಿ ಚಿಂತೆ ಇರುವುದು ಬೇರೆ ಕಡೆ. ಬೆಲೆ ಯಾಕೆ ಕಡಿಮೆ? ಮದುವೆ ಕಾರಣ ನಿಜವೇ ಇರಬಹುದು. ಆದರೂ ಮೂಲ ದಾಖಲೆ ನೋಡದೆ ಮುಂದಕ್ಕೆ ಹೋಗಬೇಡಿ. ಆ ಬಡಾವಣೆಯ ಜಮೀನು ಒಂದು ಕಾಲದಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದಾಗಿದ್ದರೆ, ಸರ್ಕಾರದ ಅನುಮತಿ ಇಲ್ಲದ ಮಾರಾಟ 1978ರ ಪಿಟಿಸಿಎಲ್ ಕಾಯ್ದೆಯಲ್ಲಿ ನಿಲ್ಲುವುದಿಲ್ಲ. ಎಷ್ಟು ಕೈ ಬದಲಾಗಿದ್ದರೂ ಅಷ್ಟೇ. 2023ರ ತಿದ್ದುಪಡಿಯ ಪ್ರಕಾರ ಈ ಕಾಯ್ದೆಯಡಿ ಅರ್ಜಿ ಹಾಕಲು ಕಾಲಮಿತಿಯೂ ಇಲ್ಲ. ಅದು ಮೊದಲು ಭೂಮಿ ಪಡೆದವರ ನ್ಯಾಯದ ಹಕ್ಕು. ಭೂ ಪರಿವರ್ತನೆಯ ಆದೇಶ, ಬಡಾವಣೆ ನಕ್ಷೆಗೆ ಮಂಜೂರಾತಿ, ಇ-ಖಾತಾ, ಹಳೆಯ ಕಾಲದವರೆಗಿನ ಇ.ಸಿ. (ಋಣಭಾರ ಪ್ರಮಾಣಪತ್ರ), ಇವನ್ನೆಲ್ಲ ನಿಮ್ಮದೇ ವಕೀಲರಿಗೆ ತೋರಿಸಿ. ಮಧ್ಯವರ್ತಿ ಕರೆತಂದ ವಕೀಲರಿಗೆ ಬೇಡ.

ದಾಖಲೆ ಸರಿ ಇದ್ದರೆ ಕರಾರು ಪತ್ರ ಮಾಡಿಕೊಂಡು, ಅದೇ ದಿನ ಅಥವಾ ಅದಕ್ಕೆ ಮೊದಲೇ ಮುಂಗಡವನ್ನು ಬ್ಯಾಂಕ್ ಮೂಲಕ ಕೊಡಿ. ನೋಂದಣಿಯ ಹೊತ್ತಿಗೆ ಸರ್ಕಾರ ದರ ಏರಿಸಿದರೂ, ಆದಾಯ ತೆರಿಗೆಯ ಲೆಕ್ಕಕ್ಕೆ ಕರಾರಿನ ದಿನದ ದರವನ್ನೇ ಹಿಡಿಯಬಹುದು. ನಗದು ಟೋಕನ್ ಒಂದನ್ನೇ ನಂಬಿಕೊಂಡರೆ ಆ ರಕ್ಷಣೆ ಸಿಗುವುದಿಲ್ಲ.