ಕತೆ ಎಷ್ಟು ಹೇಳಬೇಕು?

ಫ್ಯಾಂಟಸಿ ಕಾದಂಬರಿ ಬಗ್ಗೆ ಬರೆಯಲು ಕೂತರೆ ಬರೀ ಕತೆಯ ಸಾರಾಂಶವೇ ಆಗಿಬಿಡುತ್ತದೆ, ಏನು ಮಾಡಲಿ ಅಂತ ಕೇಳಿದ್ದೀರಿ. ನನಗೂ ಮೊದಮೊದಲು ಹೀಗೇ ಆಗುತ್ತಿತ್ತು. ಈಗ ಕತೆಯನ್ನು ಮೂರು ಸಾಲಿನಲ್ಲಿ ಮುಗಿಸಿ, ಆ ಲೋಕದ ಒಂದು ನಿಯಮ ಹಿಡಿದು ಬರೆಯುತ್ತೇನೆ. ಅಲ್ಲಿ ಮಂತ್ರ ಹೇಗೆ ನಡೆಯುತ್ತದೆ? ಅದಕ್ಕೆ ಯಾರು ಏನು ತೆರಬೇಕು?

ಅಮೆರಿಕದ ಲೇಖಕಿ ಉರ್ಸುಲಾ ಲೆ ಗ್ವಿನ್ ಅವರ 1968ರ ಕಾದಂಬರಿ 'ಎ ವಿಝರ್ಡ್ ಆಫ್ ಅರ್ತ್‌ಸೀ' ನೋಡಿ. ಅಲ್ಲಿ ವಸ್ತುವಿನ ನಿಜವಾದ ಹೆಸರು ಗೊತ್ತಿದ್ದವರಿಗೆ ಅದರ ಮೇಲೆ ಹಿಡಿತ. ಒಂದು ಪುಟ್ಟ ಕಲ್ಲನ್ನು ನಿಜಕ್ಕೂ ರತ್ನ ಮಾಡಿದರೆ ಲೋಕದ ಸಮತೋಲನವೇ ಅಲುಗುತ್ತದೆ. ಯಾರಾದರೂ ತಮ್ಮ ನಿಜ ಹೆಸರು ಹೇಳಿದರೆ ಪ್ರಾಣವನ್ನೇ ಇನ್ನೊಬ್ಬರ ಕೈಗಿಟ್ಟ ಹಾಗೆ. ಇಷ್ಟು ಬರೆದರೆ ಓದುವವರಿಗೆ ಆಸೆ ಹುಟ್ಟುತ್ತದೆ, ಕೊನೆಯ ಗುಟ್ಟೂ ಉಳಿಯುತ್ತದೆ, ಅಲ್ವಾ?

ಓದುವಾಗ ಪಕ್ಕದಲ್ಲಿ ಪೆನ್ಸಿಲ್ ಇರಲಿ. ಬೇಜಾರಾದ ಪುಟಕ್ಕೆ ಒಂದು ಗೆರೆ, ಮೈ ಜುಂ ಎಂದ ಪುಟಕ್ಕೆ ಎರಡು. ಬರೆಯುವಾಗ ಆ ಪುಟಗಳಿಗೇ ವಾಪಸ್ ಹೋಗಿ. ಪತ್ತೇದಾರಿ ಕಾದಂಬರಿಗೆ ಮಾತ್ರ ಇನ್ನೂ ಜಾಸ್ತಿ ಎಚ್ಚರ ಬೇಕು. ಕೊಲೆಗಾರ ಯಾರೆಂದು ಹೇಳುವುದೇ ಬೇಡ, ಕೊನೆಯಲ್ಲಿ ಬೆಚ್ಚಿಬಿದ್ದೆ ಅಂದರೂ ಸಾಕು, ಓದುವವರು ಮೊದಲ ಪುಟದಿಂದಲೇ ಎಲ್ಲರನ್ನೂ ಅನುಮಾನಿಸತೊಡಗುತ್ತಾರೆ.